ಚರ್ಮ ಬಿಟ್ಟು ಉಳಿದದ್ದೆಲ್ಲ

ವಿಶ್ವವಿದ್ಯಾಲಯದಲ್ಲಿ ಯಾರಾದರೂ ಏನನ್ನಾದರೂ ಕಂಡುಹಿಡಿದರೆ ಅದನ್ನು ಕೊಳ್ಳುವವರನ್ನು ಹುಡುಕುವುದು ನನ್ನ ಕೆಲಸ. ಕೊಳ್ಳುವವರು ಅನ್ನುವುದೂ ಪೂರ್ತಿ ಸರಿಯಲ್ಲ. ನಾವು ಮಾರುವುದಿಲ್ಲ, ಪರವಾನಗಿ ಕೊಡುತ್ತೇವೆ. ಪೇಟೆಂಟ್ ವಿಶ್ವವಿದ್ಯಾಲಯದ ಹೆಸರಿನಲ್ಲೇ ಇರುತ್ತದೆ. ವಸ್ತುವನ್ನು ತಯಾರಿಸಿ ಮಾರುವ ಹಕ್ಕು ಮಾತ್ರ ಕಂಪನಿಗೆ. ಮನೆಯನ್ನು ಬಾಡಿಗೆಗೆ ಕೊಟ್ಟ ಹಾಗೆ ಎಂದು ನನ್ನ ಅತ್ತೆಗೆ ಒಮ್ಮೆ ವಿವರಿಸಿದೆ. "ಹಾಗಾದ್ರೆ ಎಷ್ಟು ಮನೆ ಖಾಲಿ ಬಿದ್ದಿವೆ?" ಎಂದು ಅವರು ಕೇಳಿದರು. ನಾನು ಒಲೆ ಸಣ್ಣಗೆ ಮಾಡಲು ಹೋದೆ.

ನಮ್ಮ ಕಚೇರಿ ಗ್ರಂಥಾಲಯದ ಹಿಂದಿನ ಕಟ್ಟಡದ ಮೂರನೇ ಮಹಡಿಯಲ್ಲಿದೆ. ಮೊದಲು ಅಲ್ಲಿ ಹಳೆಯ ಭೂಪಟಗಳನ್ನು ಇಡುತ್ತಿದ್ದರಂತೆ. ಹಾಗಾಗಿ ಕಪಾಟಿನ ಖಾನೆಗಳೆಲ್ಲ ಬಹಳ ಅಗಲ, ಎತ್ತರ ಮಾತ್ರ ಒಂದು ಗೇಣು. ಯಾರೂ ಕೇಳದ ಆವಿಷ್ಕಾರಗಳು ಅವುಗಳಲ್ಲಿ ಅಡ್ಡಡ್ಡ ಮಲಗಿರುತ್ತವೆ. ಗಾಳಿ ಜೋರಾದರೆ ತಾನೇ ಮುಚ್ಚಿಕೊಳ್ಳುವ ಛತ್ರಿ ಇದೆ, ಮಳೆಯಲ್ಲೂ ಮುಚ್ಚಿಕೊಳ್ಳುತ್ತದೆ. ಬೆನ್ನು ಬಾಗಿಸಿ ಕೂತರೆ ನಡುಗುವ ದಿಂಬು ಇತ್ತು. ಅದನ್ನು ನಮ್ಮ ಮುಖ್ಯಸ್ಥರು ತಮ್ಮ ಕುರ್ಚಿಗೆ ಹಾಕಿಕೊಂಡಿದ್ದಾರೆ. ಅದು ನಡುಗಿದಾಗಲೆಲ್ಲ ಫೋನ್ ಬಂತೆಂದು ಜೇಬು ಮುಟ್ಟಿಕೊಳ್ಳುತ್ತಾರೆ. ಬೆನ್ನು ಇನ್ನೂ ನೆಟ್ಟಗಾಗಿಲ್ಲ.

ಕಚೇರಿಯಲ್ಲಿ ಇರುವುದು ಅವರು ಮತ್ತು ನಾನು, ಇಬ್ಬರೇ.

ಒಂದೊಂದು ಆವಿಷ್ಕಾರಕ್ಕೂ ನಾನು ಒಂದು ಪುಟದ ಪರಿಚಯಪತ್ರ ಬರೆಯಬೇಕು. ಕಂಪನಿಗಳಿಗೆ ಮೊದಲು ಹೋಗುವುದು ಅದೇ. ವಸ್ತು ಏನು ಮಾಡುತ್ತದೆ ಎಂದು ಹೇಳಬೇಕು, ಹೇಗೆ ಮಾಡುತ್ತದೆ ಎಂದು ಹೇಳಬಾರದು. ಹೇಳಿಬಿಟ್ಟರೆ ಅವರು ನಮ್ಮನ್ನು ಕೇಳದೆಯೇ ಮಾಡಿಕೊಂಡಾರು. "ಹೆಣ್ಣಿನ ಮುಖ ತೋರಿಸ್ದೇನೇ ಸಂಬಂಧ ಕುದುರಿಸ್ಬೇಕು ಕಣಮ್ಮ" ಎಂದು ಮುಖ್ಯಸ್ಥರು ನಾನು ಸೇರಿದ ದಿನವೇ ಹೇಳಿದ್ದರು. ಆರು ವರ್ಷದಲ್ಲಿ ನನಗೆ ಕೈ ಪಳಗಿತು. ಎಷ್ಟು ಪಳಗಿತೆಂದರೆ, ಕಂಡುಹಿಡಿದವರೇ ನನ್ನ ಪತ್ರ ಓದಿ "ಇದು ಯಾರ್ದು?" ಎಂದು ಕೇಳುತ್ತಿದ್ದರು. ನಮ್ಮ ಕಚೇರಿಯಲ್ಲಿ ಅದನ್ನು ಒಳ್ಳೆಯ ಪತ್ರದ ಲಕ್ಷಣವೆಂದು ತಿಳಿಯುತ್ತಿದ್ದೆವು.

ಗೋಂದಕ್ಕನ ಪತ್ರವನ್ನೂ ಹಾಗೆಯೇ ಬರೆದೆ.

ಗೋಂದಕ್ಕ ರಸಾಯನಶಾಸ್ತ್ರ ವಿಭಾಗದ ಸಂಶೋಧಕಿ. ಇಪ್ಪತ್ತು ವರ್ಷದಿಂದ ಅಂಟುಗಳ ಮೇಲೆಯೇ ಕೆಲಸ ಮಾಡುತ್ತಿರುವುದರಿಂದ ವಿದ್ಯಾರ್ಥಿಗಳು ಇಟ್ಟ ಹೆಸರು ಅದು. ಅವರಿಗೂ ಗೊತ್ತು. ಫೋನ್ ಎತ್ತಿದರೆ ತಾವೇ "ಗೋಂದು" ಎನ್ನುತ್ತಾರೆ. ಮದುವೆಯಾಗಿಲ್ಲ, ಎಂಬತ್ತೊಂದು ವರ್ಷದ ತಾಯಿಯ ಜೊತೆ ಇದ್ದಾರೆ. ತಾಯಿಗೆ ರಕ್ತದ ತೊಂದರೆ. ತಿಂಗಳಿಗೆ ಎರಡು ಸಲ ಆಸ್ಪತ್ರೆಗೆ ಹೋಗಿ ಕೈಗೆ ಸೂಜಿ ಹಾಕಿಸಿಕೊಂಡು ಮಲಗಬೇಕು. ಸೂಜಿಯಿಂದ ಅವರಿಗೆ ಏನೂ ಆಗುತ್ತಿರಲಿಲ್ಲ. ಸೂಜಿಯನ್ನು ಹಿಡಿದಿಡಲು ಹಾಕುವ ಅಂಟುಪಟ್ಟಿ ಕೀಳುವಾಗ ಪಟ್ಟಿಯ ಜೊತೆಗೆ ಚರ್ಮವೂ ಬರುತ್ತಿತ್ತು. ಆ ವಯಸ್ಸಿನ ಚರ್ಮ ಈರುಳ್ಳಿಯ ಒಳಸಿಪ್ಪೆಯಂತೆ. ಒಂದು ಗಾಯ ಮಾಯುವಷ್ಟರಲ್ಲಿ ಮುಂದಿನ ಸೂಜಿಯ ದಿನ ಬರುತ್ತಿತ್ತು.

ಗೋಂದಕ್ಕ ಏಳು ವರ್ಷ ಕೆಲಸ ಮಾಡಿ ಒಂದು ಅಂಟು ಕಂಡುಹಿಡಿದರು. ಎಳೆದರೆ ಬರುವುದಿಲ್ಲ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಅದರ ಮೇಲೆ ಒಂದು ನಿಮಿಷ ಇಟ್ಟರೆ ತಾನಾಗಿ ಬಿಟ್ಟುಕೊಳ್ಳುತ್ತದೆ. ಕೆಳಗೆ ಏನೂ ಉಳಿಯುವುದಿಲ್ಲ, ಮೇಲೆ ಏನೂ ಕಿತ್ತು ಬರುವುದಿಲ್ಲ. ಒಣಗಿದರೆ ಮತ್ತೆ ಅಂಟಿಸಬಹುದು. ವಯಸ್ಸಾದವರ ಕೈಗೆ ಇಂಥದ್ದೊಂದು ಪಟ್ಟಿ ಬರಲಿ ಎನ್ನುವುದೊಂದೇ ಅವರ ಆಸೆ. ಪ್ರಶಸ್ತಿ, ಹೆಸರು, ಯಾವುದರ ಮಾತನ್ನೂ ಅವರು ನನ್ನ ಹತ್ತಿರ ಆಡಿದ್ದಿಲ್ಲ.

ಪೇಟೆಂಟಿಗೆ ಅರ್ಜಿ ಹಾಕಿದ್ದೆವು. ಅದರ ಮುಂದಿನ ಹಂತಕ್ಕೆ ಕೊನೆಯ ದಿನ ಆ ತಿಂಗಳ ಮೂವತ್ತು. ಯಾವ ಕಂಪನಿಯೂ ಕೈಹಿಡಿಯದ ಅರ್ಜಿಗೆ ವಿಶ್ವವಿದ್ಯಾಲಯ ಮುಂದಿನ ಹಂತದ ಖರ್ಚು ಕೊಡುವುದಿಲ್ಲ. ಮೂವತ್ತರೊಳಗೆ ಯಾರೂ ಬರದಿದ್ದರೆ ಫೈಲು ಮುಚ್ಚಿ ಭೂಪಟದ ಖಾನೆಗೆ. ಪೇಟೆಂಟ್ ಇಲ್ಲದ ವಸ್ತುವನ್ನು ಯಾವ ಕಂಪನಿಯೂ ಆಸ್ಪತ್ರೆಯವರೆಗೆ ಹೊತ್ತುಕೊಂಡು ಹೋಗುವುದಿಲ್ಲ. ಹೊತ್ತವನು ಇಳಿಸುವ ಮೊದಲೇ ಪಕ್ಕದವನು ನಕಲು ಮಾಡುತ್ತಾನೆ.

ನಾನು ನಲವತ್ತೊಂದು ಕಂಪನಿಗಳಿಗೆ ಪತ್ರ ಕಳಿಸಿದೆ. ಒಂದು ಬಳಕೆಯ ಹೆಸರು ಹೇಳಿದರೆ ಉಳಿದವರು ಓದುವುದೇ ಇಲ್ಲ ಎಂದು ಪೇಟೆಂಟ್ ವಕೀಲರು ಹೇಳಿದ್ದರು. ಹಾಗಾಗಿ ನಾನು ಚರ್ಮದ ಮಾತನ್ನೇ ಎತ್ತಿರಲಿಲ್ಲ. ಆಸ್ಪತ್ರೆ, ಗಾಯ, ವಯಸ್ಸಾದವರು, ಎಲ್ಲವನ್ನೂ ತೆಗೆದಿದ್ದೆ. "ಬೇಡವಾದಾಗ ಬಿಸಿನೀರಿಗೆ ಬಿಟ್ಟುಕೊಳ್ಳುವ, ಗುರುತು ಉಳಿಸದ ಅಂಟು" ಎಂದಷ್ಟೇ ಉಳಿಯಿತು. ಬಹಳ ಒಳ್ಳೆಯ ಪತ್ರ ಎಂದು ಮುಖ್ಯಸ್ಥರು ಬೆನ್ನು ತಟ್ಟಿದರು.

ಹದಿನೇಳನೇ ತಾರೀಕು ಒಂದು ಉತ್ತರ ಬಂತು. ಬಾಟಲಿಗಳಿಗೆ ಲೇಬಲ್ ಮಾಡುವ ಕಂಪನಿಯಿಂದ.

ಗೋಂದಕ್ಕನನ್ನು ಕರೆದು ತೋರಿಸಿದೆ. ಅವರು ನಿಂತುಕೊಂಡೇ ಎರಡು ಸಲ ಓದಿದರು.

"ಬಾಟಲಿನಾ?"

"ಜಾಡಿ ಕೂಡ ಅಂತೆ. ಜನ ಜಾಮ್ ಖಾಲಿ ಮಾಡಿ ಜಾಡಿ ಇಟ್ಕೋತಾರಲ್ಲ, ಲೇಬಲ್ ಹೋಗ್ದೆ ಒದ್ದಾಡ್ತಾರಂತೆ."

"ಹೌದು, ಒದ್ದಾಡ್ತಾರೆ" ಎಂದರು ಗೋಂದಕ್ಕ. "ನಾನೂ ಒದ್ದಾಡಿದ್ದೀನಿ. ಆದ್ರೆ ಜಾಡಿಗೆ ನೋವಾಗಲ್ಲ."

"ತಪ್ಪು ನಂದು ಅಕ್ಕ. ಚರ್ಮ ಅಂತ ಒಂದು ಮಾತು ಬರೀಬೇಕಿತ್ತು."

"ಒಂದೇ ಒಂದು ಮಾತು" ಎಂದರು. ಬೈದಿದ್ದರೆ ವಾಸಿಯಿತ್ತು.

ಬಾಟಲಿ ಬಂದದ್ದು ದೊಡ್ಡ ಕಷ್ಟವಲ್ಲ. ನಮ್ಮ ಪರವಾನಗಿ ಪತ್ರದ ನಮೂನೆಯಲ್ಲಿ "ಬಳಕೆಯ ಕ್ಷೇತ್ರ" ಎಂದು ಒಂದು ಸಾಲಿದೆ. ಅದರ ಮುಂದೆ "ಎಲ್ಲಾ" ಎಂದು ಮೊದಲೇ ಅಚ್ಚಾಗಿದೆ. ಬರುವ ಕಂಪನಿಗಳೇ ಅಪರೂಪವಾದ್ದರಿಂದ ಯಾರ ಹತ್ತಿರವೂ ನಾವು ಚೌಕಾಶಿ ಮಾಡಿದ್ದಿಲ್ಲ. ಎಲ್ಲಾ ಕೊಟ್ಟರೆ ಲೇಬಲ್ಲಿನವರು ಲೇಬಲ್ ಮಾಡುತ್ತಾರೆ, ಚರ್ಮದ ಪಟ್ಟಿ ಅವರ ಮೇಜಿನ ಖಾನೆಯಲ್ಲಿ ಉಳಿಯುತ್ತದೆ. ಅವರೂ ಮಾಡುವುದಿಲ್ಲ, ಬೇರೆಯವರು ಮಾಡುವ ಹಾಗೂ ಇಲ್ಲ. ಕೊಡದಿದ್ದರೆ ಮೂವತ್ತನೇ ತಾರೀಕು ಫೈಲೇ ಇಲ್ಲ. ಅತ್ತ ದರಿ, ಇತ್ತ ಪುಲಿ.

ಮುಖ್ಯಸ್ಥರ ಹತ್ತಿರ ಹೋಗಿ "ಎಲ್ಲಾ" ಎನ್ನುವುದನ್ನು ಹೊಡೆದುಹಾಕಿ ಬಾಟಲಿ, ಜಾಡಿ ಎಂದು ಬರೆಯೋಣವೇ ಎಂದು ಕೇಳಿದೆ.

"ಮನೆ ಬಾಗಿಲಿಗೆ ಬಂದ ಲಕ್ಷ್ಮೀನ ಕಾಲಲ್ಲಿ ಒದೀತಾರೇನಮ್ಮ?"

"ಒದೆಯೋದಲ್ಲ ಸರ್. ಒಂದು ಕೋಣೆ ನಮಗೆ ಇಟ್ಕೊಂಡು ಉಳಿದ ಮನೆ ಬಾಡಿಗೆಗೆ ಕೊಡೋದು."

"ಅವ್ರು ಪೂರ್ತಿ ಮನೆ ಕೇಳ್ತಿದ್ದಾರೆ. ಪತ್ರದಲ್ಲಿ ಬರ್ದಿದ್ದಾರೆ, ಓದಿ, 'ಸಮಸ್ತ ಹಕ್ಕು'." ಅವರು ಸ್ವಲ್ಪ ಮುಂದೆ ಬಾಗಿದರು, ಜೇಬು ಮುಟ್ಟಿಕೊಂಡರು, ಮತ್ತೆ ಹಿಂದಕ್ಕೆ ಒರಗಿದರು. "ಬೇಕಾದ್ರೆ ಮಾತಾಡಿ ನೋಡಿ. ಆದ್ರೆ ಅವ್ರು ಎದ್ದು ಹೋದ್ರೆ, ಆ ಫೈಲ್ ನಿಮ್ಮ ಕೈಯಲ್ಲೇ ಮುಚ್ಚಿಸ್ತೀನಿ."

ಅವರು ಕೆಟ್ಟವರಲ್ಲ. ಆ ವರ್ಷ ನಮ್ಮ ಕಚೇರಿ ಕೊಟ್ಟಿದ್ದ ಪರವಾನಗಿಗಳ ಸಂಖ್ಯೆ ಸೊನ್ನೆ. ವರದಿಯಲ್ಲಿ ಆ ಸೊನ್ನೆಯನ್ನು ಅವರೇ ಓದಿ ಹೇಳಬೇಕು.

ಇಪ್ಪತ್ತಾರನೇ ತಾರೀಕು ಲೇಬಲ್ ಕಂಪನಿಯ ಯಜಮಾನರು ಬಂದರು. ಜೊತೆಗೆ ವಕೀಲೆಯಾದ ಅವರ ಮಗಳು. ಯಜಮಾನರ ಕೈಯಲ್ಲಿ ಬಟ್ಟೆಯ ಚೀಲ, ಚೀಲದ ತುಂಬ ಖಾಲಿ ಜಾಡಿಗಳು. ಮೆಟ್ಟಿಲು ಹತ್ತುವಾಗ ಅವು ಕಿಣಿಕಿಣಿ ಎನ್ನುತ್ತಿದ್ದುದು ನಮಗೆ ಒಳಗೇ ಕೇಳಿಸಿತು. ಬಂದವರು ಕುಳಿತುಕೊಳ್ಳುವ ಮೊದಲೇ ಏಳು ಜಾಡಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಒಂದೊಂದರ ಮೇಲೂ ಅರ್ಧ ಕಿತ್ತ ಲೇಬಲ್ಲಿನ ಬಿಳಿ ಗಲೀಜು.

"ನಲವತ್ತು ವರ್ಷದಿಂದ ಜನಕ್ಕೆ ಈ ಕಷ್ಟ ಕೊಡ್ತಾ ಬಂದಿದ್ದೀನಿ" ಎಂದರು ಯಜಮಾನರು. "ನಮ್ಮನೆಯವಳು ಸಾಯೋತನಕ ಬೈದ್ಲು. ತೋರ್ಸಿ ನೋಡೋಣ."

ಗೋಂದಕ್ಕ ತೋರಿಸಿದರು. ತಾವು ತಂದಿದ್ದ ಹೊಸ ಜಾಡಿಗೆ ಪಟ್ಟಿ ಅಂಟಿಸಿದರು. ಯಜಮಾನರು ಉಗುರಿನಿಂದ ಕೀಳಲು ನೋಡಿದರು, ಬೀಗದಕೈಯಿಂದ ಕೆರೆದರು, ಬರಲಿಲ್ಲ. ಗೋಂದಕ್ಕ ಬಿಸಿಬಟ್ಟೆ ಇಟ್ಟು ಗಡಿಯಾರ ನೋಡುತ್ತಾ ಕೂತರು. ನಿಮಿಷವಾದ ಮೇಲೆ ಪಟ್ಟಿ ಮಗ್ಗುಲು ಬದಲಿಸುವ ಮಗುವಿನ ಹಾಗೆ ನಿಧಾನವಾಗಿ ಒಂದು ಕಡೆಯಿಂದ ಎದ್ದಿತು. ಯಜಮಾನರು ಗಾಜನ್ನು ಬೆರಳಿಂದ ಒರೆಸಿ, ಬೆರಳನ್ನು ಮೂಸಿದರು.

"ಅಪ್ಪಾ, ಮೂಸೋದು ಯಾಕೆ?" ಎಂದಳು ಮಗಳು.

"ಏನಾದ್ರೂ ಮೋಸ ಇದ್ರೆ ಮೊದ್ಲು ಮೂಗಿಗೆ ಗೊತ್ತಾಗೋದು." ಅವರು ಗೋಂದಕ್ಕನ ಕಡೆ ತಿರುಗಿದರು. "ಒಂದು ಕೇಳ್ತೀನಿ ಮೇಡಂ. ಬೇಸಿಗೇಲಿ ಲಾರಿ ಒಳಗೆ ಬಾಟಲಿ ಬೆವರುತ್ತೆ. ಬೆವರಿಗೆ ಬಿಟ್ಕೊಂಡ್ರೆ?"

"ಬಿಡಲ್ಲ."

"ಬಿಸಿನೀರಿಗೆ ಬಿಡುತ್ತೆ, ಬೆವರಿಗೆ ಬಿಡಲ್ಲ? ಹೇಗೆ ಗೊತ್ತು?"

"ನಮ್ಮಮ್ಮನ ಕೈ ಮೇಲೆ ನಾಲ್ಕು ದಿನ ಇತ್ತು" ಎಂದರು ಗೋಂದಕ್ಕ.

ಮುಖ್ಯಸ್ಥರ ದಿಂಬು ನಡುಗುವುದು ಸ್ಪಷ್ಟವಾಗಿ ಕೇಳಿಸಿತು.

ನನಗೆ ಅಲ್ಲಿಯವರೆಗೆ ಇದು ಗೊತ್ತಿರಲಿಲ್ಲ. ಮನುಷ್ಯರ ಮೈಮೇಲೆ ಏನನ್ನೇ ಅಂಟಿಸಬೇಕಾದರೂ ಮೊದಲು ವಿಶ್ವವಿದ್ಯಾಲಯದ ಸಮಿತಿಯೊಂದರ ಅನುಮತಿ ಬೇಕು. ಒಂಬತ್ತು ಜನರ ಸಮಿತಿ. ಅವರು ಒಟ್ಟಿಗೆ ಸೇರಲು ಗ್ರಹಗಳು ಸೇರುವಷ್ಟು ಹೊತ್ತು ಹಿಡಿಯುತ್ತದೆ. ಗೋಂದಕ್ಕ ಅನುಮತಿ ಕೇಳಿಯೇ ಇರಲಿಲ್ಲ.

ವಕೀಲೆ ಪೆನ್ನು ಕೆಳಗಿಟ್ಟಳು. "ಮನುಷ್ಯರ ಮೇಲೆ ಪ್ರಯೋಗ ಮಾಡಿದ್ದೀರಾ?"

"ಪ್ರಯೋಗ ಅಲ್ಲ. ಅಮ್ಮ ನನ್ನ ಚೀಲದಿಂದ ಕದ್ದಿದ್ದು."

"ಕದ್ದಿದ್ದು?"

"ಎರಡು ಸುರುಳಿ. ಆಸ್ಪತ್ರೇಲಿ ನರ್ಸಿಗೆ ಕೊಟ್ಟು, ನಿನ್ನ ಪಟ್ಟಿ ಬೇಡ, ಇದು ಹಾಕು ಅಂದಿದ್ದಾರೆ. ಸೂಜಿ ತೆಗೆದ ಮೇಲೂ ಹತ್ತಿ ಮೇಲೆ ಇದೇ ಇತ್ತು. ನಂಗೆ ಗೊತ್ತಾಗಿದ್ದು ನಾಲ್ಕನೇ ದಿನ."

"ಆಮೇಲೆ?"

"ಬೈದೆ. ಆಮೇಲೆ ಬಿಸಿಬಟ್ಟೆ ಇಟ್ಟು ತೆಗೆದೆ. ಚರ್ಮಕ್ಕೆ ಏನೂ ಆಗಿರ್ಲಿಲ್ಲ." ಗೋಂದಕ್ಕ ಮೇಜಿನ ಮೇಲಿದ್ದ ಬಟ್ಟೆಯನ್ನು ಮಡಿಸಿ ಪಕ್ಕಕ್ಕಿಟ್ಟರು. "ಇದು ಮಾಡಿದ್ದೇ ಅದಕ್ಕೆ. ಬಾಟಲಿಗೆ ಅಲ್ಲ."

ಮುಖ್ಯಸ್ಥರು ನನ್ನ ಕಡೆ ನೋಡಿದರು. ಫೈಲನ್ನು ಯಾರ ಕೈಯಲ್ಲಿ ಮುಚ್ಚಿಸಬೇಕು ಎಂದು ಅವರು ಆಗಲೇ ಗೊತ್ತು ಮಾಡಿದ್ದ ಹಾಗಿತ್ತು.

ಅಪ್ಪ ಮಗಳು ಕಿಟಕಿಯ ಹತ್ತಿರ ಹೋಗಿ ಪಿಸುಗುಟ್ಟಿದರು. ಮಗಳು ಬೆರಳು ಮಡಿಚಿ ಏನೇನೋ ಎಣಿಸಿದಳು, ಅಪ್ಪ ತಲೆಯಾಡಿಸಿದರು. ವಾಪಸು ಬಂದು ಕೂತಾಗ ಯಜಮಾನರ ಮುಖ ಗಂಭೀರವಾಗಿತ್ತು.

"ನೋಡಿ, ನಾವು ಸಣ್ಣ ಜನ. ಗಾಜು, ತಗಡು, ಪ್ಲಾಸ್ಟಿಕ್, ಏನು ಬೇಕಾದ್ರೂ ಅಂಟಿಸ್ತೀವಿ. ಚರ್ಮ ಮಾತ್ರ ನಮಗೆ ಬೇಡ."

"ಬೇಡ ಅಂದ್ರೆ?" ಎಂದರು ಮುಖ್ಯಸ್ಥರು.

"ಬಾಟಲಿಗೆ ತುರಿಕೆ ಆಗಲ್ಲ. ಬಾಟಲಿ ಕೋರ್ಟಿಗೆ ಹೋಗಲ್ಲ. ನಾಳೆ ಯಾರೋ ಪುಣ್ಯಾತ್ಮರು ಇದನ್ನ ಕೈಗೆ ಅಂಟಿಸ್ಕೊಂಡು ಬೊಬ್ಬೆ ಎದ್ದಿದೆ ಅಂದ್ರೆ, ಹಕ್ಕು ಪೂರ್ತಿ ನಮ್ದೇ ಆಗಿದ್ರೆ ನಮ್ಮ ಕುತ್ತಿಗೆಗೇ ಬರೋದು."

ವಕೀಲೆ ನಮ್ಮ ನಮೂನೆಯನ್ನು ತನ್ನ ಕಡೆ ಎಳೆದುಕೊಂಡು "ಎಲ್ಲಾ" ಎನ್ನುವುದರ ಮೇಲೆ ಬೆರಳಿಟ್ಟಳು. "ಇಲ್ಲಿ ಬದಲಾಯಿಸ್ಬೇಕು. 'ಚರ್ಮ ಬಿಟ್ಟು ಉಳಿದದ್ದೆಲ್ಲ.' ಇದಕ್ಕೆ ಒಪ್ಪದಿದ್ರೆ ನಾವು ಎದ್ದು ಹೋಗ್ಬೇಕಾಗುತ್ತೆ."

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಒಂಬತ್ತು ದಿನದಿಂದ ನಾನು ಅದೇ ವಾಕ್ಯವನ್ನು ಅವರ ಮುಂದೆ ಹೇಗೆ ಇಡುವುದೆಂದು ಪಾತ್ರೆ ತೊಳೆಯುವಾಗಲೂ ಬಟ್ಟೆ ಮಡಿಸುವಾಗಲೂ ಯೋಚಿಸಿದ್ದೆ. ನಾಲ್ಕು ರೀತಿಯಲ್ಲಿ ಬರೆದು ಇಟ್ಟುಕೊಂಡಿದ್ದೆ.

"ಅಯ್ಯೋ, ನಮಗೂ—" ಎಂದು ಗೋಂದಕ್ಕ ಶುರುಮಾಡಿದರು. ಮೇಜಿನ ಕೆಳಗೆ ಅವರ ಪಾದದ ಮೇಲೆ ನನ್ನ ಪಾದ ಇಟ್ಟೆ. ಮೆಲ್ಲಗೇ ಇಟ್ಟೆ.

ನನಗೆ ಇಬ್ಬರು ಹೆಣ್ಣುಮಕ್ಕಳು. ಒಬ್ಬಳು ಬೇಡವೆಂದು ದೂಡಿದ ತಟ್ಟೆಯನ್ನು ನಾನು ತಕ್ಷಣ ಎತ್ತಿಕೊಂಡರೆ ಅವಳಿಗೆ ಅದು ಮತ್ತೆ ಬೇಕಾಗುತ್ತದೆ. ತಟ್ಟೆ ಸ್ವಲ್ಪ ಹೊತ್ತು ಅಲ್ಲೇ ಇರಬೇಕು. ನಾನು ಕನ್ನಡಕ ಹಾಕಿಕೊಂಡು ನಮೂನೆಯನ್ನು ಮೊದಲಿಂದ ಕೊನೆಯವರೆಗೂ ಓದಿದೆ. ಅದನ್ನು ಬರೆದವಳು ನಾನೇ.

"ಚರ್ಮ ನಮ್ಮ ತಲೆ ಮೇಲೇ ಉಳಿಯೋದಾದ್ರೆ," ಎಂದೆ ಕೊನೆಗೆ, "ಪೇಟೆಂಟಿನ ಮುಂದಿನ ಹಂತದ ಖರ್ಚೆಲ್ಲ ನೀವೇ ಹೊರಬೇಕಾಗುತ್ತೆ. ಮೂವತ್ತಕ್ಕೆ ಮೊದ್ಲು."

ವಕೀಲೆ ಬಾಯಿ ತೆರೆದಳು. ಯಜಮಾನರು ಅವಳ ಕೈ ಮೇಲೆ ಕೈಯಿಟ್ಟರು. "ಹೋಗ್ಲಿ ಬಿಡು ಮಗಳೇ. ನಿಮ್ಮಮ್ಮ ಇದ್ದಿದ್ರೆ ಇವತ್ತು ನಂಗೆ ಊಟಕ್ಕೆ ಎರಡು ಸಲ ಬಡಿಸ್ತಿದ್ಲು."

ಸಹಿಯಾಯಿತು. ಏಳು ಜಾಡಿಗಳನ್ನು ಅವರು ನಮಗೇ ಬಿಟ್ಟು ಹೋದರು. ಮುಖ್ಯಸ್ಥರು ಅವರನ್ನು ಬಾಗಿಲವರೆಗೆ ಕಳಿಸಿ ಬಂದು, "ಚರ್ಮ ಹೋಯ್ತಲ್ಲಮ್ಮ" ಎಂದು ನಿಟ್ಟುಸಿರು ಬಿಟ್ಟರು. ಎಲ್ಲಿಗೂ ಹೋಗಿಲ್ಲ ಸರ್, ಇಲ್ಲೇ ಇದೆ ಎಂದೆ. ಅವರಿಗೆ ಅರ್ಥವಾಗಲು ಮಧ್ಯಾಹ್ನವಾಯಿತು. ಅರ್ಥವಾದ ಮೇಲೆ, ವರದಿಯಲ್ಲಿ ಅದನ್ನು "ನಮ್ಮ ಕಚೇರಿಯ ದೂರದೃಷ್ಟಿ" ಎಂದು ಬರೆದರು.

ಗೋಂದಕ್ಕನ ಅಮ್ಮನ ವಿಷಯ ಸಮಿತಿಗೆ ಹೋಗದೆ ಇರಲಿಲ್ಲ. ಮುಚ್ಚಿಡೋಣ ಎಂದು ಯಾರೂ ಹೇಳಲಿಲ್ಲ. ಗೋಂದಕ್ಕ ತಾವೇ ಬರೆದು ಕೊಟ್ಟರು. ಸಮಿತಿ ಮೂರು ಸಲ ಸೇರಿತು. ಒಪ್ಪಿಗೆ ಹೇಗೆ ಪಡೆಯಲಾಯಿತು ಎಂಬ ಪ್ರಶ್ನೆಗೆ ಅಮ್ಮನಿಂದಲೇ ಉತ್ತರ ಬೇಕೆಂದರು. ಅಮ್ಮ ಗೆರೆ ಎಳೆದ ಕಾಗದದಲ್ಲಿ ದುಂಡಗೆ ಬರೆದು ಕಳಿಸಿದರು: "ಕೈ ನನ್ನದು. ಮಗಳೂ ನನ್ನವಳು. ಚೀಲ ಮಾತ್ರ ಅವಳದು, ಅದಕ್ಕೆ ಕ್ಷಮೆ ಕೇಳಿದ್ದೇನೆ." ಒಂಬತ್ತು ಜನ ಅದನ್ನು ಓದಿ ಗೋಂದಕ್ಕನಿಗೆ ಎಚ್ಚರಿಕೆಯ ಪತ್ರ ಕೊಟ್ಟರು. ಒಂದು ಪಟ್ಟಿಯೂ ಪ್ರಯೋಗಾಲಯದ ಹೊರಗೆ ಹೋಗಬಾರದು, ಸುರುಳಿಗಳು ಬೀಗದೊಳಗೆ.

ನಾನು ಪರಿಚಯಪತ್ರವನ್ನು ಹೊಸದಾಗಿ ಬರೆದೆ. ಗೋಂದಕ್ಕ ಪಕ್ಕದಲ್ಲೇ ಕೂತಿದ್ದರು. ಎರಡು ವಾರದಲ್ಲಿ ಗಾಯದ ಪಟ್ಟಿ ಮಾಡುವ ಕಂಪನಿಯೊಂದು ಬಂತು. ಒಪ್ಪಂದವಾಯಿತು, ಆದರೆ ಒಂದು ಷರತ್ತು: ಮೊದಲು ಆಸ್ಪತ್ರೆಯಲ್ಲಿ ಅನುಮತಿ ಪಡೆದು ಸರಿಯಾದ ಪರೀಕ್ಷೆ ನಡೆಯಬೇಕು. ಅರವತ್ತು ಜನ ವಯಸ್ಸಾದವರು, ಹದಿನೆಂಟು ತಿಂಗಳು. ಫಲಿತಾಂಶ ಬಂದ ಮೇಲೆ ತಯಾರಿಕೆ. ಗೋಂದಕ್ಕನ ಅಮ್ಮ ಮೊದಲ ದಿನವೇ ಹೆಸರು ಕೊಡಲು ಹೋದರು. ಸಂಶೋಧಕಿಯ ಹತ್ತಿರದ ಸಂಬಂಧಿಕರನ್ನು ಸೇರಿಸಿಕೊಳ್ಳುವಂತಿಲ್ಲ ಎಂದು ವಾಪಸು ಕಳಿಸಿದರು. ಅಲ್ಲಿಂದ ಮುಂದೆ ತಿಂಗಳಿಗೆ ಎರಡು ಸಲ ಮತ್ತೆ ಹಳೆಯ ಪಟ್ಟಿ, ಮತ್ತೆ ಗಾಯ.

"ಊರಿಗೆಲ್ಲ ಸಿಗುತ್ತೆ, ಅಮ್ಮಂಗೆ ಸಿಗಲ್ಲ" ಎಂದು ಗೋಂದಕ್ಕ ಒಂದು ದಿನ ಹೇಳಿದರು.

ಪರೀಕ್ಷೆಗೆ ಎಂಟು ತಿಂಗಳಾಗಿದ್ದಾಗ ಒಂದು ಕಾಗದಕ್ಕೆ ಅವರ ಸಹಿ ಬೇಕಾಯಿತು. ಅವರು ರಜೆಯಲ್ಲಿದ್ದರು, ಅಮ್ಮನಿಗೆ ಜ್ವರ. ಕೆಲಸ ಮುಗಿಸಿ ಮಕ್ಕಳನ್ನು ಶಾಲೆಯಿಂದ ಕರೆತರುವ ಮೊದಲು ಅವರ ಮನೆಗೆ ಹೋದೆ. ಬಾಗಿಲು ತೆಗೆದದ್ದು ಅಮ್ಮನೇ. ಜ್ವರ ಇಳಿದಿತ್ತು. ಹಿಂದಿನ ದಿನವಷ್ಟೇ ಆಸ್ಪತ್ರೆಯಿಂದ ಬಂದಿದ್ದರು. ಎಡಗೈಯಲ್ಲಿ ಸೂಜಿ ತೆಗೆದ ಜಾಗದ ಮೇಲೆ ಹತ್ತಿ. ಹತ್ತಿಯನ್ನು ಹಿಡಿದಿಟ್ಟ ಪಟ್ಟಿಯ ಮೇಲೆ ಕೆಂಪು ಹಣ್ಣುಗಳ ಚಿತ್ರ, ಹಸಿರು ಎಲೆ, ಕೆಳಗೆ ದಪ್ಪಕ್ಷರದಲ್ಲಿ "ಸಕ್ಕರೆ ಕಡಿಮೆ".

ನಾನು ನೋಡಿದೆ. ನಾನು ನೋಡಿದ್ದನ್ನು ಅವರೂ ನೋಡಿದರು.

"ಸೂಜಿಗೂ ಇಂಥದ್ದೇ ಹಾಕಿಸ್ಕೊಂಡೆ. ಅಂಟು ಅದೇ ತಾನೇ?" ಎಂದರು.

"ಅಂಟು ಅದೇ ಅಮ್ಮ. ಆದ್ರೆ ಇದು ಜಾಡೀದು."

"ಜಾಡಿ ತೊಳೆದಿಟ್ಟಿದ್ದೀನಿ. ಅದಕ್ಕಿನ್ನು ಲೇಬಲ್ ಯಾಕೆ?"

ಗೋಂದಕ್ಕ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಲ್ಲಿ ನಿಂತರು. "ನಾನು ಕೊಟ್ಟಿಲ್ಲ" ಎಂದರು. "ಅಂಗಡಿಯಿಂದ ಅವ್ರೇ ತಂದಿದ್ದು. ರಸೀದಿ ಇದೆ, ಬೇಕಾದ್ರೆ ನೋಡಿ."

"ನಾನು ನೋಡಲ್ಲ ಅಕ್ಕ."

ಯಜಮಾನರ ಹೊಸ ಲೇಬಲ್ ಜಾಮ್ ಜಾಡಿಗಳ ಮೇಲೆ ಆಗಲೇ ಅಂಗಡಿಗಳಿಗೆ ಬಂದಿತ್ತು. ಒಪ್ಪಂದದ ಪ್ರಕಾರ ಆ ಲೇಬಲ್ ಚರ್ಮದ ಮೇಲೆ ಇರಬಾರದು. ಆ ವಾಕ್ಯವನ್ನು ನಾನೇ ಎರಡು ಸಲ ಓದಿ ಸಹಿಗೆ ಕೊಟ್ಟಿದ್ದೆ. ಆದರೆ ಒಪ್ಪಂದ ಆಗಿದ್ದು ವಿಶ್ವವಿದ್ಯಾಲಯಕ್ಕೂ ಕಂಪನಿಗೂ. ಅಮ್ಮನನ್ನು ಯಾರೂ ಸಹಿ ಕೇಳಿರಲಿಲ್ಲ.

"ಇನ್ನೂ ಹತ್ತು ತಿಂಗಳಂತೆ ನಿಮ್ಮ ಪರೀಕ್ಷೆ" ಎಂದರು ಅಮ್ಮ, ಕುರ್ಚಿಯ ಮೇಲೆ ನಿಧಾನವಾಗಿ ಕೂರುತ್ತಾ. "ಆಗ್ಲಿ, ಚೆನ್ನಾಗಿ ಆಗ್ಲಿ. ಅಲ್ಲೀತನಕ ನಂಗೆ ಜಾಮ್ ತಿನ್ನೋರು ಬೇಕು, ಅಷ್ಟೇ. ನಿಮ್ಮನೇಲಿ ಮಕ್ಕಳಿದ್ದಾರಲ್ಲ?"

"ಇಬ್ಬರು."

"ಹೋಗ್ವಾಗ ಎರಡು ಜಾಡಿ ತೊಗೊಂಡ್ ಹೋಗು. ಲೇಬಲ್ ಬಿಟ್ಟು."

ಗೋಂದಕ್ಕ ಬಿಸಿನೀರಿನ ಬೋಗುಣಿ ತಂದರು. ಬಟ್ಟೆ ಅದ್ದಿ, ಹಿಂಡಿ, ತಮ್ಮ ಕೆನ್ನೆಗೆ ತಾಗಿಸಿ ಬಿಸಿ ನೋಡಿ, ಅಮ್ಮನ ಕೈ ಮೇಲೆ ಇಟ್ಟರು. ಅಮ್ಮ ನನ್ನ ಮಕ್ಕಳ ವಯಸ್ಸು ಕೇಳಿದರು, ಹೇಳಿದೆ. ಚಿಕ್ಕವಳಿಗೆ ಹಲ್ಲು ಬಿದ್ದಿದೆಯೇ ಎಂದು ಕೇಳಿದರು. ಎರಡು ಬಿದ್ದಿವೆ ಎಂದೆ. ಅಷ್ಟರಲ್ಲಿ ನಿಮಿಷವಾಯಿತು. ಗೋಂದಕ್ಕ ಬಟ್ಟೆ ತೆಗೆದು, ಎರಡು ಬೆರಳಲ್ಲಿ ಲೇಬಲ್ಲಿನ ಮೂಲೆ ಹಿಡಿದು ಎತ್ತಿದರು. ಕೆಂಪು ಹಣ್ಣುಗಳು ಒಂದೊಂದಾಗಿ ಎದ್ದು ಬಂದವು, ಹತ್ತಿಯೂ ಜೊತೆಗೆ ಬಂತು. ಮೂವರೂ ಬಗ್ಗಿ ನೋಡಿದೆವು. ಸೂಜಿ ಚುಚ್ಚಿದ ಒಂದು ಚುಕ್ಕೆ ಬಿಟ್ಟರೆ ಚರ್ಮ ಇಡಿಯಾಗಿತ್ತು.